ಫ್ಯುಯೆಲ್ ಪಂಪ್ ಬದಲಿಸಲು ಒಂದು ಗಂಟೆಯೋ, ಎರಡು ದಿನವೋ?

ವಾಹನ ವಿಚಾರ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನನ್ನದು 2012ರ ಹ್ಯುಂಡೈ ಐ10, ಪೆಟ್ರೋಲ್ ಗಾಡಿ. ಸೆಲ್ಫ್ ಚೆನ್ನಾಗಿ ಹೊಡೆಯುತ್ತದೆ, ಎಂಜಿನ್ ಮಾತ್ರ ಹಿಡಿಯುವುದಿಲ್ಲ. ಒಂದು ಗ್ಯಾರೇಜಿನಲ್ಲಿ ಫ್ಯುಯೆಲ್ ಪಂಪ್ ಹೋಗಿದೆ, ಎರಡು ದಿನ ಗಾಡಿ ಬಿಟ್ಟು ಹೋಗಿ ಎಂದರು. ಇನ್ನೊಂದು ಕಡೆ ಒಂದು ಗಂಟೆ ಕೆಲಸ, ಕೂತಿದ್ದು ತೆಗೆದುಕೊಂಡು ಹೋಗಿ ಎನ್ನುತ್ತಾರೆ. ಯಾರನ್ನು ನಂಬಲಿ?
ಓದುಗರು, ತುಮಕೂರು

ಉತ್ತರ: ಇಬ್ಬರೂ ಸುಳ್ಳು ಹೇಳಿಲ್ಲ. ಒಂದು ಗಂಟೆ ಎಂದವರು ಬರೀ ಕೈಕೆಲಸದ ಲೆಕ್ಕ ಹೇಳಿದ್ದಾರೆ. ಎರಡು ದಿನ ಎಂದವರು ಪಂಪ್ ತರಿಸುವ ಹೊತ್ತನ್ನೂ ಅವರಲ್ಲಿ ಮುಂಚೆಯೇ ಸಾಲು ನಿಂತಿರುವ ಗಾಡಿಗಳನ್ನೂ ಸೇರಿಸಿರಬಹುದು. ಈ ಕೆಲಸದಲ್ಲಿ ಹೊತ್ತು ಹಿಡಿಯುವುದು ಪಂಪ್ ಅಲ್ಲ, ಪಂಪಿನ ಹತ್ತಿರ ಹೋಗುವ ದಾರಿ. ನಿಮ್ಮ ಗಾಡಿಯಲ್ಲಿ ಎಂಜಿನ್ನಿಗೆ ಪೆಟ್ರೋಲ್ ತಳ್ಳುವ ಈ ಪಂಪ್ ಟ್ಯಾಂಕಿನೊಳಗೆ ಪೆಟ್ರೋಲಿನಲ್ಲಿ ಮುಳುಗಿರುತ್ತದೆ. ಅದನ್ನು ಹೊರತೆಗೆಯುವ ಬಾಯಿ ಹಿಂದಿನ ಸೀಟಿನ ಕೆಳಗೇ ಇದೆ. ಹಾಗಾಗಿ ಹೊಸ ಪಂಪ್ ಕೈಯಲ್ಲಿದ್ದರೆ, ಪಳಗಿದ ಮೆಕ್ಯಾನಿಕ್‌ಗೆ ಮುಕ್ಕಾಲು ಗಂಟೆಯಿಂದ ಒಂದೂವರೆ ಗಂಟೆ ಸಾಕು. ಇದೇ ಕೆಲಸಕ್ಕೆ ಟ್ಯಾಂಕ್ ಇಳಿಸಲೇಬೇಕಾದ ಗಾಡಿಗಳೂ ಇವೆ. ಅವುಗಳಿಗೆ ಎರಡೂವರೆಯಿಂದ ನಾಲ್ಕು ಗಂಟೆ ಹಿಡಿಯುತ್ತದೆ.

ಆದರೆ ಸೀಟು ಎತ್ತುವ ಮೊದಲು ಅರ್ಧ ಗಂಟೆ ಪರೀಕ್ಷೆಗೆ ಕೊಡಲೇಬೇಕು. ಅದನ್ನು ಬಿಟ್ಟು ನೇರ ಪಂಪಿಗೆ ಕೈಹಾಕುವವರಿಂದಲೇ ಹಣವೂ ಹೊತ್ತೂ ಹಾಳಾಗುವುದು. ಸುತ್ತ ಸದ್ದಿಲ್ಲದ ಕಡೆ ಗಾಡಿ ನಿಲ್ಲಿಸಿ, ಕೀಲಿಯನ್ನು ಸೆಲ್ಫ್ ಹೊಡೆಯದೆ ಆನ್‌ವರೆಗೆ ಮಾತ್ರ ತಿರುಗಿಸಿ. ಹಿಂದಿನ ಸೀಟಿನ ಕಡೆಯಿಂದ ಎರಡು ಸೆಕೆಂಡು ‘ಗುಂಯ್’ ಎಂಬ ಸದ್ದು ಬಂದು ನಿಲ್ಲಬೇಕು. ಸದ್ದೇ ಇಲ್ಲದಿದ್ದರೆ ಮೊದಲು ಫ್ಯೂಸ್, ಆಮೇಲೆ ರಿಲೇ (ಪಂಪಿಗೆ ಕರೆಂಟ್ ಬಿಡುವ ಸ್ವಿಚ್ಚಿನ ಡಬ್ಬಿ) ನೋಡಿ. ಫ್ಯೂಸ್ ಬಾಕ್ಸಿನಲ್ಲಿರುವ ಅದೇ ನಂಬರಿನ ಇನ್ನೊಂದು ರಿಲೇಯನ್ನು ಕಿತ್ತು ಅದರ ಜಾಗಕ್ಕೆ ಚುಚ್ಚಿ ನೋಡಲು ಒಂದು ನಿಮಿಷವೂ ಬೇಡ. ಕೀಲಿಯ ಚಿತ್ರದ ದೀಪ ಮಿಟುಕುತ್ತಿದ್ದರೆ ತೊಂದರೆ ಕಳ್ಳತನ ತಡೆಯುವ ಇಮೊಬಿಲೈಸರ್‌ನದ್ದು, ಪಂಪಿನದ್ದಲ್ಲ. ಫಿಯೆಟ್, ಫೋರ್ಡ್‌ನ ಕೆಲವು ಹಳೆಯ ಗಾಡಿಗಳಲ್ಲಿ ಡಿಕ್ಕಿಯಾದಾಗ ಪಂಪ್ ನಿಲ್ಲಿಸುವ ಒಂದು ಸ್ವಿಚ್ ಇರುತ್ತದೆ. ದೊಡ್ಡ ಗುಂಡಿಗೆ ಬಿದ್ದ ಏಟಿಗೂ ಅದು ಎದ್ದು ನಿಂತಿರಬಹುದು, ಒತ್ತಿದರೆ ಗಾಡಿ ಸ್ಟಾರ್ಟ್ ಆಗುತ್ತದೆ.

ಫ್ಯೂಸ್, ರಿಲೇ ಸರಿಯಿದ್ದೂ ಸದ್ದು ಬರದಿದ್ದರೆ ಪಂಪಿಗೆ ವೈರ್ ಸಿಕ್ಕಿಸುವ ಪ್ಲಗ್, ಅಂದರೆ ಕಪ್ಲರ್‌ನಲ್ಲಿ ವೋಲ್ಟೇಜ್ ಅಳೆಯಬೇಕು. ಕಪ್ಲರ್ ಕಳಚಿ ಅಳೆದರೆ ಪ್ರಯೋಜನವಿಲ್ಲ, ತುಕ್ಕು ಹಿಡಿದ ವೈರ್ ಕೂಡ ಭಾರವಿಲ್ಲದಾಗ 12 ವೋಲ್ಟ್ ತೋರಿಸುತ್ತದೆ. ಕಪ್ಲರ್ ಸಿಕ್ಕಿಸಿಯೇ, ಹಿಂಬದಿಯಿಂದ ಸೂಜಿ ತೂರಿಸಿ, ಪಂಪಿಗೆ ಕರೆಂಟ್ ಹೋಗುವ ಆ ಎರಡು ಸೆಕೆಂಡಿನಲ್ಲಿ ನೋಡಬೇಕು. ಬ್ಯಾಟರಿಗೂ ಅಲ್ಲಿಗೂ ಅರ್ಧ ವೋಲ್ಟಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ವೈರ್ ಅಥವಾ ಅರ್ತ್ ಕೆಟ್ಟಿದೆ ಎಂದರ್ಥ. ಅಂಥ ಗಾಡಿಗೆ ಹೊಸ ಪಂಪ್ ಹಾಕಿದರೆ ಅದೂ ಬೇಗ ಸೋಲುತ್ತದೆ. ಪಂಪ್ ಗುಂಯ್‌ಗುಟ್ಟಿಯೂ ಎಂಜಿನ್ ಹಿಡಿಯದಿದ್ದರೆ ಪ್ರೆಶರ್ ಗೇಜ್ ಹಾಕಿಸಿ. ಇಂಥ ಸಾಮಾನ್ಯ ಪೆಟ್ರೋಲ್ ಎಂಜಿನ್‌ಗಳಲ್ಲಿ ಒತ್ತಡ ಸುಮಾರು 3ರಿಂದ 3.5 ಬಾರ್ ಇರಬೇಕು, ಎಂಜಿನ್ ಆಫ್ ಮಾಡಿದ ಮೇಲೂ ಕೆಲವು ನಿಮಿಷ ಪೂರಾ ಕುಸಿಯದೆ ನಿಲ್ಲಬೇಕು. ಗೇಜ್ ಇಟ್ಟುಕೊಳ್ಳದ ಗ್ಯಾರೇಜು ‘ಪಂಪ್ ಹೋಗಿದೆ’ ಎಂದರೆ ಅದು ಊಹೆಯೇ ಹೊರತು ಪರೀಕ್ಷೆಯಲ್ಲ.

ಪಂಪೇ ಕೆಟ್ಟಿದೆ ಎಂದು ಖಚಿತವಾದ ಮೇಲೆ ಕೆಲಸ ಹೀಗೆ ಸಾಗುತ್ತದೆ. ಟ್ಯಾಂಕಿನಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಪೆಟ್ರೋಲ್ ಇದ್ದರೆ ಮೊದಲು ಇಳಿಸಿಕೊಳ್ಳುವುದು ಒಳ್ಳೆಯದು. ತುಂಬಿದ ಟ್ಯಾಂಕಿನ ಮುಚ್ಚಳ ತೆಗೆದರೆ ಪೆಟ್ರೋಲ್ ಕ್ಯಾಬಿನ್ನಿಗೇ ಉಕ್ಕಬಹುದು. ಪಂಪಿನ ಫ್ಯೂಸ್ ಕಿತ್ತು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿದರೆ, ಸ್ಟಾರ್ಟೇ ಆಗದ ಗಾಡಿಯಾದರೆ ಎರಡು ಮೂರು ಸಲ ಸೆಲ್ಫ್ ಹೊಡೆದರೆ, ಪೈಪಿನಲ್ಲಿ ಉಳಿದ ಒತ್ತಡ ಇಳಿಯುತ್ತದೆ. ಆಮೇಲೆ ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಬೇಕು. ಇಲ್ಲಿಯವರೆಗೆ 15 ನಿಮಿಷ.

ಸೀಟಿನ ಅಡಿಭಾಗ ಎತ್ತಿ, ತಗಡಿನ ಮುಚ್ಚಳ ತೆಗೆದರೆ ಪಂಪಿನ ತಲೆ ಕಾಣುತ್ತದೆ. ಅಲ್ಲಿ ಒಂದು ಬೆರಳು ದಪ್ಪ ಕೆಂಪು ಧೂಳು ಕೂತಿರುತ್ತದೆ. ನಮ್ಮ ಬಯಲುಸೀಮೆಯ ಗಾಡಿಗಳಲ್ಲಂತೂ ಇದು ತಪ್ಪದು. ಅವಸರದಲ್ಲಿ ಇದನ್ನು ಗುಡಿಸದೆ ಪಂಪ್ ಹಿಡಿದಿರುವ ರಿಂಗ್ ತಿರುಗಿಸಿದರೆ ಆ ಧೂಳೆಲ್ಲ ಟ್ಯಾಂಕಿಗೆ ಬಿದ್ದು, ಹೊಸ ಪಂಪಿನಲ್ಲಿ ಪೆಟ್ರೋಲ್ ಸೋಸುವ ಜಾಲರಿಗೆ ಮೊದಲ ದಿನವೇ ಅಂಟಿಕೊಳ್ಳುತ್ತದೆ. ಬ್ರಷ್‌ನಿಂದ ಸಡಿಲಿಸಿ, ವ್ಯಾಕ್ಯೂಮ್‌ನಿಂದ ಎಳೆದು, ಕೊನೆಗೆ ಒದ್ದೆ ಬಟ್ಟೆಯಿಂದ ಒರೆಸಲು ಹತ್ತು ನಿಮಿಷ ಬೇಕು. ಆ ಹತ್ತು ನಿಮಿಷವನ್ನು ಯಾವ ಮೆಕ್ಯಾನಿಕ್ಕೂ ಉಳಿಸಬಾರದು.

ಕಪ್ಲರ್ ಕಳಚಿ, ಪೆಟ್ರೋಲ್ ಪೈಪಿನ ಕ್ಲಿಪ್ಪಿನ ಎರಡು ಕಿವಿ ಒತ್ತಿ ಪೈಪ್ ಎಳೆಯುವಾಗ ಕೆಳಗೆ ಬಟ್ಟೆ ಹಿಡಿದಿರಬೇಕು, ಒಂದಿಷ್ಟು ಪೆಟ್ರೋಲ್ ಚಿಮ್ಮಿಯೇ ಚಿಮ್ಮುತ್ತದೆ. ಈ ಕಿವಿಗಳು ಬಿಸಿಲಿಗೆ, ವಯಸ್ಸಿಗೆ ಪೆಡಸಾಗಿರುತ್ತವೆ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಮುರಿಯುತ್ತವೆ, ಮುರಿದರೆ ಪೈಪನ್ನೇ ತರಿಸಬೇಕು. ‘ಒಂದು ಗಂಟೆ’ ಎಂಬುದು ‘ಎರಡು ದಿನ’ವಾಗುವುದು ಬಹಳ ಸಲ ಇಲ್ಲಿಯೇ. ಪಂಪನ್ನು ಕೆಲವು ಗಾಡಿಗಳಲ್ಲಿ ಸಣ್ಣ ಬೋಲ್ಟುಗಳು ಹಿಡಿದಿರುತ್ತವೆ, ಕೆಲವದರಲ್ಲಿ ಅಗಲವಾದ ಲಾಕ್ ರಿಂಗ್ ಇರುತ್ತದೆ. ರಿಂಗ್ ತಿರುಗಿಸಲು ಅದರದೇ ಸಾಧನವಿದೆ. ಉಳಿ, ಸುತ್ತಿಗೆ ಹಿಡಿದು ಹೊಡೆಯುವುದನ್ನು ಕಂಡರೆ ದಯವಿಟ್ಟು ನಿಲ್ಲಿಸಿ. ಕಬ್ಬಿಣಕ್ಕೆ ಕಬ್ಬಿಣ ಬಡಿದು ಹಾರುವ ಒಂದು ಕಿಡಿ ಸಾಕು, ಕೆಳಗೆ ತೆರೆದ ಟ್ಯಾಂಕಿದೆ.

ಪಂಪನ್ನು ನೇರ ಮೇಲಕ್ಕೆ ಎಳೆಯಲು ಬರುವುದಿಲ್ಲ. ಪಕ್ಕದಲ್ಲಿ ಫ್ಯುಯೆಲ್ ಗೇಜಿನ ಫ್ಲೋಟ್ ಉದ್ದ ಕಡ್ಡಿಯಲ್ಲಿ ಚಾಚಿಕೊಂಡಿರುತ್ತದೆ. ಓರೆ ಮಾಡಿ, ಕಡ್ಡಿ ಬಾಗದಂತೆ ಬಿಡಿಸಬೇಕು. ಹೊಸದನ್ನು ಇಳಿಸುವಾಗಲೂ ಅಷ್ಟೇ ಎಚ್ಚರ. ಪಂಪಿನ ಬಾಯಿ ಬಿಗಿಯಾಗಿ ಮುಚ್ಚುವ ರಬ್ಬರ್ ಬಳೆ, ಅಂದರೆ ಓ ರಿಂಗ್, ಪ್ರತಿ ಸಲವೂ ಹೊಸದಾಗಿರಬೇಕು. ಹಳೆಯದು ಪೆಟ್ರೋಲ್ ಹೀರಿ ಉಬ್ಬಿ ತನ್ನ ತೋಡಿನಲ್ಲಿ ಕೂರುವುದೇ ಇಲ್ಲ, ಅದಕ್ಕೆ ಸಿಲಿಕೋನ್ ಬಳಿದು ಕೂರಿಸಿದರೆ ಆ ಸಿಲಿಕೋನ್ ಪೆಟ್ರೋಲಿನಲ್ಲಿ ಉಬ್ಬಿ ಕಿತ್ತುಬಂದು ಜಾಲರಿಗೆ ಮೆತ್ತುತ್ತದೆ. ಪಂಪಿನ ತಲೆಯ ಮೇಲಿನ ಬಾಣದ ಗುರುತು ಟ್ಯಾಂಕಿನ ಗುರುತಿಗೆ ಸರಿಯಾಗಿ ಕೂರಬೇಕು. ಒಂದಿಷ್ಟು ತಿರುಗಿ ಕೂತರೂ ಫ್ಲೋಟ್ ಟ್ಯಾಂಕಿನ ಗೋಡೆಗೆ ತಾಗಿ ಗೇಜ್ ಸಿಕ್ಕಿಹಾಕಿಕೊಳ್ಳುತ್ತದೆ.

ಪೈಪ್ ‘ಟಕ್’ ಎಂದು ಕೂತ ಮೇಲೂ ಒಮ್ಮೆ ಹಿಂದಕ್ಕೆ ಎಳೆದು ನೋಡಬೇಕು. ಬ್ಯಾಟರಿ ಜೋಡಿಸಿ, ಸೆಲ್ಫ್ ಹೊಡೆಯದೆ ಕೀಲಿಯನ್ನು ನಾಲ್ಕೈದು ಸಲ ಆನ್, ಆಫ್ ಮಾಡಿದರೆ ಪೈಪಿನೊಳಗಿನ ಗಾಳಿ ಹೋಗಿ ಪೆಟ್ರೋಲ್ ತುಂಬಿಕೊಳ್ಳುತ್ತದೆ. ಸ್ಟಾರ್ಟ್ ಆದ ಮೇಲೆ ತಗಡು ಮುಚ್ಚುವ ಅವಸರ ಬೇಡ. ಹತ್ತು ನಿಮಿಷ ಎಂಜಿನ್ ಓಡಲಿ, ಜೋಡಣೆಯ ಸುತ್ತ ಒಣ ಟಿಶ್ಯೂ ಕಾಗದ ಒತ್ತಿ ನೋಡಿ. ಕಾಗದ ಒಣಗಿಯೇ ಇದ್ದರೆ ಮುಚ್ಚಿ.

ಪ್ರಶ್ನೆ: ನಮ್ಮ ಹಳೆಯ ಮಾರುತಿ ಕಾರಿನಲ್ಲಿ ಸೀಟಿನ ಕೆಳಗೆ ಮುಚ್ಚಳವೇ ಇಲ್ಲ. ಟ್ಯಾಂಕ್ ಇಳಿಸಲು ಒಂದು ದಿನ ಬೇಕು, ಅದರ ಬದಲು ನೆಲದ ತಗಡನ್ನು ಕತ್ತರಿಸಿ ಮುಚ್ಚಳ ಮಾಡಿಕೊಡುತ್ತೇನೆ ಎಂದು ಮೆಕ್ಯಾನಿಕ್ ಹೇಳುತ್ತಾನೆ. ಒಪ್ಪಬಹುದೇ?
ಓದುಗರು, ಕುಂದಾಪುರ

ಉತ್ತರ: ಬೇಡ. ಮಾರುತಿಯ ಹಳೆಯ ಕೆಲವು ಮಾದರಿಗಳಲ್ಲಿ ಟ್ಯಾಂಕ್ ಇಳಿಸುವುದೇ ಸರಿಯಾದ ಕ್ರಮ. ನೆಲ ಕತ್ತರಿಸಲು ಗ್ರೈಂಡರ್ ಹಿಡಿದರೆ ಕಿಡಿ ಹಾರುತ್ತದೆ. ಅದರ ಎರಡು ಬೆರಳು ಕೆಳಗೆ ಪೆಟ್ರೋಲ್ ಟ್ಯಾಂಕ್, ಪೈಪು, ವೈರಿಂಗ್ ಎಲ್ಲ ಇರುತ್ತದೆ. ಟ್ಯಾಂಕ್ ಖಾಲಿ ಇದೆ, ಭಯವಿಲ್ಲ ಎನ್ನುವವರ ಮಾತು ಕೇಳಬೇಡಿ. ಹೊತ್ತಿಕೊಳ್ಳುವುದು ಪೆಟ್ರೋಲಿನ ಆವಿ, ಖಾಲಿ ಟ್ಯಾಂಕಿನಲ್ಲಿ ತುಂಬಿರುವುದು ಅದೇ. ಕತ್ತರಿಯಿಂದ ಕತ್ತರಿಸಿದರೆ ಕಿಡಿಯ ಭಯ ಕಡಿಮೆ, ಆದರೆ ಕತ್ತರಿಸಿದ ಅಂಚು ನಿಮ್ಮ ಕರಾವಳಿಯ ಉಪ್ಪುಗಾಳಿಗೆ ಒಂದೆರಡು ಮಳೆಗಾಲದಲ್ಲಿ ತುಕ್ಕು ಹಿಡಿದು, ನೀರೂ ಪೆಟ್ರೋಲ್ ವಾಸನೆಯೂ ಒಳಗೆ ಬರುತ್ತವೆ.

ಟ್ಯಾಂಕ್ ಇಳಿಸುವ ಲೆಕ್ಕ ನೋಡಿ. ಪೆಟ್ರೋಲ್ ಒಂದು ಲೀಟರಿಗೆ ಮುಕ್ಕಾಲು ಕಿಲೋದಷ್ಟು ತೂಗುತ್ತದೆ. 35 ಲೀಟರ್ ತುಂಬಿದ ಟ್ಯಾಂಕಿನಲ್ಲಿ ಪೆಟ್ರೋಲೇ 26 ಕಿಲೋ, ಅದೂ ಅಲುಗಾಡುವ ಭಾರ. ಹಾಗಾಗಿ ಮೊದಲು ಪೆಟ್ರೋಲನ್ನು ಮುಚ್ಚಳವಿರುವ ಕ್ಯಾನಿಗೆ ಇಳಿಸಬೇಕು. ಆಮೇಲೆ ಪೆಟ್ರೋಲ್ ಹಾಕುವ ದಪ್ಪ ರಬ್ಬರ್ ಪೈಪು, ಪಕ್ಕದ ಗಾಳಿ ಪೈಪು ಬಿಚ್ಚಿ, ದಾರಿಗೆ ಅಡ್ಡವಿದ್ದರೆ ಸೈಲೆನ್ಸರ್ ಮತ್ತು ಹ್ಯಾಂಡ್‌ಬ್ರೇಕ್ ಕೇಬಲ್ ಸರಿಸಿ, ಜ್ಯಾಕಿನ ಮೇಲೆ ಮರದ ಹಲಗೆ ಇಟ್ಟು ಟ್ಯಾಂಕಿಗೆ ಆಸರೆ ಕೊಟ್ಟು ಬೋಲ್ಟ್ ಬಿಚ್ಚಬೇಕು. ಪೂರ್ತಿ ಇಳಿಸುವ ಮೊದಲು ಒಂದು ಗೇಣು ತಗ್ಗಿಸಿ, ಕೈ ತೂರಿಸಿ ಮೇಲಿನ ಕಪ್ಲರ್, ಪೈಪು ಕಳಚಬೇಕು. ಇದನ್ನು ಮರೆತು ಎಳೆದರೆ ಪೈಪ್ ಹರಿಯುತ್ತದೆ. ಲಿಫ್ಟ್ ಇರುವ ಗ್ಯಾರೇಜಿನಲ್ಲಿ ಇಬ್ಬರು ಸೇರಿದರೆ ಮೂರು ಗಂಟೆಯ ಕೆಲಸ.

ನಿಮ್ಮ ಕಡೆ ಒಂದು ದಿನ ಕೇಳುವುದಕ್ಕೆ ಕಾರಣವಿದೆ: ತುಕ್ಕು ಹಿಡಿದ ಬೋಲ್ಟುಗಳು. ಹಿಂದಿನ ಸಂಜೆಯೇ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ರಾತ್ರಿಯಿಡೀ ನೆನೆಯಲು ಬಿಟ್ಟರೆ ಬೆಳಗ್ಗೆ ಬೋಲ್ಟ್ ತುಂಡಾಗದೆ ಬರುವ ಸಾಧ್ಯತೆ ಹೆಚ್ಚು. ಗ್ಯಾಸ್ ವೆಲ್ಡಿಂಗ್ ಬೆಂಕಿಯಿಂದ ಬೋಲ್ಟ್ ಕಾಯಿಸುವ ಪದ್ಧತಿ ಬೇರೆ ಕಡೆ ಸರಿ, ಟ್ಯಾಂಕಿನ ಹತ್ತಿರ ಖಂಡಿತ ಕೂಡದು. ನೆಲದಲ್ಲಿ ತೋಡಿದ ಗುಂಡಿಯ ಮೇಲೆ ಗಾಡಿ ನಿಲ್ಲಿಸಿ ಈ ಕೆಲಸ ಮಾಡುವುದೂ ಅಪಾಯ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಗುಂಡಿಯಲ್ಲೇ ಹೋಗಿ ಕೂರುತ್ತದೆ.

ಪ್ರಶ್ನೆ: ಪಂಪಿನ ಪೂರ್ತಿ ಅಸೆಂಬ್ಲಿ (ಮೋಟಾರ್, ಮುಚ್ಚಳ, ಫ್ಲೋಟ್ ಸೇರಿದ ಇಡೀ ಜೋಡಣೆ) ದುಬಾರಿ, ಒಳಗಿನ ಮೋಟಾರ್ ಮಾತ್ರ ಬದಲಿಸಿದರೆ ಸಾಕು ಎನ್ನುತ್ತಾರೆ. ಬಾಳಿಕೆ ಬರುತ್ತದೆಯೇ? ಹೊತ್ತು ಹೆಚ್ಚು ಬೇಕೇ?
ಓದುಗರು, ಬೆಂಗಳೂರು

ಉತ್ತರ: ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಹೆಚ್ಚು ಬೇಕು. ಸರಿಯಾಗಿ ಮಾಡಿದರೆ ಬಾಳಿಕೆಯೂ ಬರುತ್ತದೆ. ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಬರೀ ಮೋಟಾರ್ ಕೇಳಿ ಪಡೆಯಬಹುದು, ಹಳೆಯದನ್ನು ಜೊತೆಗೆ ಒಯ್ದು ಉದ್ದ, ಸುತ್ತಳತೆ, ಪಿನ್‌ಗಳನ್ನು ಹೋಲಿಸಿ ನೋಡಿ. ಕೆಡುವುದು ಮೂರು ಕಡೆ. ಮೊದಲನೆಯದು, ಮೋಟಾರಿನಿಂದ ಮುಚ್ಚಳಕ್ಕೆ ಹೋಗುವ ಸುರುಳಿ ಪ್ಲಾಸ್ಟಿಕ್ ಪೈಪ್. ಅದು ಒತ್ತಿ ಕೂರಿಸಿದ್ದು, ಕಿತ್ತರೆ ತುದಿ ಸೀಳುತ್ತದೆ. ಆಗ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಪೆಟ್ರೋಲ್ ಪೈಪ್ ತುಂಡರಿಸಿ ಹಾಕುತ್ತಾರೆ. ಆ ಪೈಪ್ ಒಳಗಿನಿಂದ ಪೆಟ್ರೋಲ್ ತಾಳುತ್ತದೆ, ಹೊರಗಿನಿಂದ ತಾಳುವುದಿಲ್ಲ. ಟ್ಯಾಂಕಿನೊಳಗೆ ಮುಳುಗಿದಾಗ ಮೆತ್ತಗಾಗಿ ಬಾಯ್ತೆರೆದು, ಪಂಪ್ ಓಡುತ್ತಿದ್ದರೂ ಎಂಜಿನ್‌ಗೆ ಒತ್ತಡ ಬರುವುದಿಲ್ಲ. ಪೆಟ್ರೋಲಿನಲ್ಲಿ ಮುಳುಗಿ ಇರಲೆಂದೇ ಮಾಡಿದ, ಎಸ್‌ಎಇ ಜೆ30 ಆರ್10 ಎಂದು ಮುದ್ರಿಸಿದ ಪೈಪನ್ನೇ ಕೇಳಿ ಹಾಕಿಸಿ.

ಎರಡನೆಯದು ಜಾಲರಿ. ಹೊಸ ಮೋಟಾರಿಗೆ ಹಳೆಯ ಕಪ್ಪು ಜಾಲರಿ ಸಿಕ್ಕಿಸುವುದು ಹೊಸ ಬಾವಿಗೆ ಹಳೆಯ ಕೆಸರು ಸುರಿದಂತೆ. ಮೂರನೆಯದು ಮುಚ್ಚಳದ ಒಳಗಿನ ಪಿನ್‌ಗಳು. ಅವು ಕಂದು ಬಣ್ಣಕ್ಕೆ ತಿರುಗಿದ್ದರೆ, ಸುತ್ತಲ ಪ್ಲಾಸ್ಟಿಕ್ ಕರಗಿದ ಗುರುತಿದ್ದರೆ ಮೋಟಾರ್ ಬದಲಿಸಿ ಉಪಯೋಗವಿಲ್ಲ, ಅಸೆಂಬ್ಲಿಯೇ ಬೇಕು. ಟ್ಯಾಂಕ್ ಇಳಿಸಬೇಕಾದ ಗಾಡಿಯಾದರಂತೂ ನಮ್ಮ ಸಲಹೆ ಪೂರ್ತಿ ಅಸೆಂಬ್ಲಿಗೇ. ಅದೇ ಮೂರು ಗಂಟೆಯ ಕೂಲಿಯನ್ನು ಎರಡು ಸಲ ಯಾರೂ ಕೊಡಬಾರದು.

ಪ್ರಶ್ನೆ: ಹೊರಗಿನಿಂದ ಸಿಎನ್‌ಜಿ ಕಿಟ್ ಹಾಕಿಸಿದ ಕಾರು. ಎರಡು ವರ್ಷದಲ್ಲಿ ಎರಡು ಪಂಪ್ ಹೋದವು. ಪೆಟ್ರೋಲ್ ಬಳಸುವುದೇ ಅಪರೂಪ, ಆದರೂ ಏಕೆ?
ಓದುಗರು, ಬೆಳಗಾವಿ

ಉತ್ತರ: ಬಳಸದೆ ಇರುವುದರಿಂದಲೇ. ಹೊರಗೆ ಹಾಕುವ ಎಷ್ಟೋ ಕಿಟ್‌ಗಳಲ್ಲಿ ಗಾಡಿ ಗ್ಯಾಸಿನಲ್ಲಿ ಓಡುವಾಗಲೂ ಪೆಟ್ರೋಲ್ ಪಂಪ್ ಸುತ್ತುತ್ತಲೇ ಇರುತ್ತದೆ. ಪಂಪಿನ ಮೋಟಾರಿಗೆ ತಂಪು ಕೊಡುವುದೂ ಎಣ್ಣೆಯಂತೆ ಜಾರಿಸುವುದೂ ಪೆಟ್ರೋಲೇ. ಟ್ಯಾಂಕಿನಲ್ಲಿ ಎರಡು ಮೂರು ಲೀಟರ್ ಇಟ್ಟುಕೊಂಡು ತಿಂಗಳುಗಟ್ಟಲೆ ಓಡಿಸಿದರೆ ಅದು ಒಣಗಿಯೇ ಸುತ್ತಿ ಕಾದು ಸಾಯುತ್ತದೆ. ಗ್ಯಾಸಿಗೆ ಬದಲಾದ ಕೂಡಲೇ ಪಂಪಿನ ಕರೆಂಟ್ ಕಡಿಯುವ ರಿಲೇ ಹಾಕಿಸಬಹುದೇ ಎಂದು ಕಿಟ್ ಕೂರಿಸಿದವರನ್ನು ಕೇಳಿ. ಏನೇ ಇರಲಿ, ಟ್ಯಾಂಕಿನಲ್ಲಿ ಯಾವಾಗಲೂ ಹತ್ತು ಲೀಟರ್ ಇರಲಿ. ದಿನಕ್ಕೆ ಐದಾರು ಕಿಲೋಮೀಟರ್ ಪೆಟ್ರೋಲಿನಲ್ಲೇ ಓಡಿಸಿ.

ಈಗ ಬಂಕುಗಳಲ್ಲಿ ಸಿಗುವುದು 20 ಶೇಕಡಾ ಎಥನಾಲ್ ಬೆರೆಸಿದ ಇ20 ಪೆಟ್ರೋಲ್. ಎಥನಾಲ್ ಗಾಳಿಯಲ್ಲಿನ ತೇವ ಹೀರುತ್ತದೆ. ನೀರು ಮಿತಿ ಮೀರಿದರೆ ಎಥನಾಲ್ ಅದರ ಜೊತೆ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ. ಪಂಪಿನ ಜಾಲರಿ ಇರುವುದೂ ತಳದಲ್ಲೇ. ಹಾಗಾಗಿ ಇದೇ ಪೆಟ್ರೋಲನ್ನು ವರ್ಷಗಟ್ಟಲೆ ಟ್ಯಾಂಕಿನಲ್ಲಿ ಕೂಡಿಡದೆ ಬಳಸಿ ಹೊಸದು ತುಂಬಿಸುತ್ತಿರಬೇಕು. ಮೂರನೆಯ ಪಂಪ್ ಹಾಕುವಾಗ ಟ್ಯಾಂಕಿನ ತಳವನ್ನು ಟಾರ್ಚ್ ಬಿಟ್ಟು ನೋಡಿಸಿ, ಗುಳ್ಳೆಯಂತೆ ಉರುಳಾಡುವ ನೀರಿನ ಹನಿ ಕಂಡರೆ ತೊಳೆಸದೆ ಮುಚ್ಚಬೇಡಿ.

ಪ್ರಶ್ನೆ: 2018ರ ಹೋಂಡಾ ಕಾರನ್ನು ಸೆಕೆಂಡ್ ಹ್ಯಾಂಡ್ ಕೊಂಡಿದ್ದೇನೆ. ಓಡುತ್ತಿರುವಾಗಲೇ ಒಮ್ಮೊಮ್ಮೆ ಎಂಜಿನ್ ನಿಲ್ಲುತ್ತದೆ. ಕಂಪನಿಯೇ ಪಂಪ್ ಬದಲಿಸಿಕೊಡುತ್ತದೆ ಎಂದು ಕೇಳಿದೆ, ನಿಜವೇ?
ಓದುಗರು, ಶಿವಮೊಗ್ಗ

ಉತ್ತರ: ನಿಜ, ನಿಮ್ಮ ಗಾಡಿ ಕಂಪನಿಯ ಪಟ್ಟಿಯಲ್ಲಿದ್ದರೆ. 2024ರ ಅಕ್ಟೋಬರ್‌ನಲ್ಲಿ ಹೋಂಡಾ ಕಾರ್ಸ್ ಇಂಡಿಯಾ 90,468 ಗಾಡಿಗಳ ಫ್ಯುಯೆಲ್ ಪಂಪನ್ನು ಉಚಿತವಾಗಿ ಬದಲಿಸುವುದಾಗಿ ಪ್ರಕಟಿಸಿತು. ಪಂಪಿನೊಳಗೆ ಪೆಟ್ರೋಲ್ ತಳ್ಳುವ ಪ್ಲಾಸ್ಟಿಕ್ ಚಕ್ರ, ಅಂದರೆ ಇಂಪೆಲ್ಲರ್‌ನಲ್ಲಿ ದೋಷವಿರಬಹುದು ಎಂಬುದು ಕಾರಣ. ಹಿಂದೆ ಬಿಡಿಭಾಗವಾಗಿ ಇದೇ ಪಂಪ್ ಹಾಕಿಸಿಕೊಂಡ ಹಳೆಯ ಗಾಡಿಗಳೂ ಅದರಲ್ಲಿ ಸೇರಿದ್ದವು. ಮಾರುತಿ ಸುಜುಕಿಯೂ 2020ರ ಜುಲೈನಲ್ಲಿ ಫ್ಯುಯೆಲ್ ಪಂಪ್ ತೊಂದರೆಗಾಗಿ ವ್ಯಾಗನ್ಆರ್ ಮತ್ತು ಬಲೆನೊ ಸೇರಿ 1,34,885 ಗಾಡಿಗಳನ್ನು ವಾಪಸ್ ಕರೆದಿತ್ತು.

ನೀವು ಎರಡನೆಯ ಮಾಲೀಕರಾದರೂ ಹಕ್ಕು ಹೋಗುವುದಿಲ್ಲ, ಸೌಲಭ್ಯ ಇರುವುದು ಗಾಡಿಗೆ. ಆರ್‌ಸಿಯಲ್ಲಿರುವ 17 ಅಕ್ಷರ, ಅಂಕಿಗಳ ಚಾಸಿಸ್ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿದರೆ ತಿಳಿಯುತ್ತದೆ. ಪಂಪ್ ದಾಸ್ತಾನಿದೆ ಎಂದು ಫೋನಿನಲ್ಲಿ ಖಚಿತ ಮಾಡಿಕೊಂಡೇ ಹೋಗಿ, ಅರ್ಧ ದಿನದಲ್ಲಿ ಮುಗಿಯುತ್ತದೆ. ಓಡುವಾಗ ಎಂಜಿನ್ ನಿಂತರೆ ಸ್ಟೀರಿಂಗ್ ಭಾರವಾಗುತ್ತದೆ, ಬ್ರೇಕ್ ಎರಡು ಮೂರು ತುಳಿತದಲ್ಲಿ ಕಲ್ಲಿನಂತಾಗುತ್ತದೆ. ಪಂಪ್ ಬದಲಿಸುವವರೆಗೆ ಘಾಟಿಯ ರಸ್ತೆಗೆ ಈ ಗಾಡಿ ಒಯ್ಯಬೇಡಿ.

ಪ್ರಶ್ನೆ: ಡೀಸೆಲ್ ಕಾರಿನ ಪಂಪ್ ಬದಲಿಸಲು ನಾಲ್ಕು ದಿನ ಕೇಳುತ್ತಿದ್ದಾರೆ. ಇಷ್ಟು ದಿನ ಬೇಕೇ?
ಓದುಗರು, ವಿಜಯಪುರ

ಉತ್ತರ: ಬೇಕಾಗಬಹುದು. ಡೀಸೆಲ್ ಗಾಡಿಯಲ್ಲಿ ‘ಪಂಪ್’ ಎಂದರೆ ಎಂಜಿನ್ ಮೇಲೆಯೇ ಕೂತು ಸಾವಿರ ಬಾರ್‌ಗೂ ಮೀರಿ ಒತ್ತಡ ಕೊಡುವ ಹೈ ಪ್ರೆಶರ್ ಪಂಪ್. ಬಿಚ್ಚಿ ಕೂರಿಸಲು ಮೂರರಿಂದ ಆರು ಗಂಟೆ. ಕೆಲವು ಎಂಜಿನ್‌ಗಳಲ್ಲಿ ಟೈಮಿಂಗ್ ಬೆಲ್ಟ್ ಬಿಚ್ಚಬೇಕು. ನಿಜವಾದ ಪ್ರಶ್ನೆ ಹಳೆಯ ಪಂಪ್ ಹೇಗೆ ಸತ್ತಿತು ಎಂಬುದು. ಡೀಸೆಲ್ ಫಿಲ್ಟರಿನಲ್ಲಿರುವುದನ್ನು ಗಾಜಿನ ಲೋಟಕ್ಕೆ ಬಗ್ಗಿಸಿ ಬಿಸಿಲಿಗೆ ಹಿಡಿಯಿರಿ. ಬೆಳ್ಳಿಯ ಹುಡಿಯಂತೆ ಮಿನುಗು ಕಂಡರೆ ಪಂಪ್ ಒಳಗೇ ಸವೆದು ಲೋಹದ ಪುಡಿ ಉದುರಿಸಿದೆ. ಆಗ ಎಂಜಿನ್ನಿಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್ ಬಿಚ್ಚಿ ಪರೀಕ್ಷೆಗೆ ಕಳಿಸಬೇಕು, ಇಂಜೆಕ್ಟರುಗಳಿಗೆ ಡೀಸೆಲ್ ಹಂಚುವ ಕೊಳವೆ (ರೈಲು), ಪೈಪು, ಟ್ಯಾಂಕು ಎಲ್ಲ ತೊಳೆಯಬೇಕು. ನಾಲ್ಕು ದಿನ ಅದಕ್ಕೇ. ಪುಡಿ ಇದ್ದೂ ಬರೀ ಪಂಪ್ ಬದಲಿಸಿದರೆ ಹೊಸ ಇಂಜೆಕ್ಟರುಗಳ ಖರ್ಚು ಕೆಲವೇ ದಿನದಲ್ಲಿ ಬಾಗಿಲಿಗೆ ಬರುತ್ತದೆ. ಎಂಜಿನ್ ಓಡುವಾಗ ಈ ಪಂಪಿನ ಉಕ್ಕಿನ ಪೈಪುಗಳ ನಟ್ ಸಡಿಲಿಸುವುದು ಜೀವಕ್ಕೇ ಅಪಾಯ, ಚಿಮ್ಮುವ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ.

ಪ್ರಶ್ನೆ: ಕಾರ್ಬುರೇಟರ್ ಇರುವ ಹಳೆಯ ಮಾರುತಿ 800ಕ್ಕೆ ಎಷ್ಟು ಹೊತ್ತು?
ಓದುಗರು, ಚಿಕ್ಕಮಗಳೂರು

ಉತ್ತರ: ಅರ್ಧ ಗಂಟೆ. ಪಂಪ್ ಬಾನೆಟ್ ಕೆಳಗೇ ಇದೆ, ಎಂಜಿನ್ನೇ ಅದನ್ನು ಒತ್ತಿ ಓಡಿಸುತ್ತದೆ. ಗ್ಯಾಸ್ಕೆಟ್ ಹೊಸದು ಹಾಕಿ. ಎಂಜಿನ್ ಆಯಿಲ್‌ನಲ್ಲಿ ಪೆಟ್ರೋಲ್ ವಾಸನೆ ಬರುತ್ತಿದ್ದರೆ ಪಂಪಿನೊಳಗಿನ ರಬ್ಬರ್ ಪೊರೆ (ಡಯಾಫ್ರಂ) ಹರಿದು ಪೆಟ್ರೋಲ್ ಒಳಗೆ ಇಳಿದಿದೆ, ಆಯಿಲ್ ಕೂಡ ಬದಲಿಸಬೇಕು.

ಪ್ರಶ್ನೆ: ದಾರಿ ಮಧ್ಯೆ ಪಂಪ್ ನಿಂತರೆ ಗ್ಯಾರೇಜಿನವರೆಗೆ ಹೋಗಲು ಉಪಾಯವಿದೆಯೇ?
ಓದುಗರು, ಚಿತ್ರದುರ್ಗ

ಉತ್ತರ: ಪಂಪಿನ ಮೋಟಾರಿಗೆ ಕರೆಂಟ್ ಮುಟ್ಟಿಸುವ ಬ್ರಷ್ ಸವೆದು ನಿಂತಿದ್ದರೆ, ಒಬ್ಬರು ಕೀಲಿ ತಿರುಗಿಸುವಾಗ ಇನ್ನೊಬ್ಬರು ಟ್ಯಾಂಕಿನ ತಳವನ್ನು ರಬ್ಬರ್ ಚಪ್ಪಲಿಯ ಹಿಮ್ಮಡಿಯಿಂದ ಮೆಲ್ಲಗೆ ತಟ್ಟಿ. ಒಮ್ಮೊಮ್ಮೆ ಎಚ್ಚರಗೊಳ್ಳುತ್ತದೆ. ಎಂಜಿನ್ ಹಿಡಿದರೆ ಮಧ್ಯೆ ಎಲ್ಲೂ ಆಫ್ ಮಾಡದೆ ಹತ್ತಿರದ ಗ್ಯಾರೇಜಿಗೆ ಹೋಗಿ. ಹೆದ್ದಾರಿಯಲ್ಲಿ ಗಾಡಿಯ ಕೆಳಗೆ ತೂರುವ ಮೊದಲು ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ತ್ರಿಕೋನದ ಫಲಕವನ್ನು 50 ಮೀಟರ್ ಹಿಂದೆ ಇಡಿ. ಕತ್ತಲಾಗಿದ್ದರೆ ಈ ಪ್ರಯತ್ನ ಬೇಡ, ಟೋಯಿಂಗ್ ಗಾಡಿಯನ್ನೇ ಕರೆಸಿ.